ಕಾವಲಿಗೆ ಒಬ್ಬ ಅಣ್ಣ

ಹೆಣ್ಣುಮಕ್ಕಳ ರಕ್ಷಣೆಗೆ ಅಂತ ನಮ್ಮ ಕಾಲೇಜಿನಲ್ಲಿ ಇದ್ದದ್ದು ನಾನೊಬ್ಬಳೇ. ಹಾಗಂತ ನನ್ನನ್ನು ಯಾರೂ ನೇಮಿಸಿರಲಿಲ್ಲ. ನಾನು ಸೇರಿದ್ದು ಚರಿತ್ರೆ ಪಾಠ ಮಾಡೋಕೆ. ಪಾಠ ಮಾಡುವವರಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ ಆದ್ದರಿಂದ ಲೇಡೀಸ್ ರೂಮಿನ ಬೀಗದ ಕೈ ತಾನಾಗೇ ನನ್ನ ಸೊಂಟಕ್ಕೆ ಬಂತು. ಆ ರೂಮಿನ ಅಗುಳಿ ನೆಟ್ಟಗೆ ಬೀಳುತ್ತಿರಲಿಲ್ಲ, ಒಳಗಿಂದ ಬಾಗಿಲಿಗೆ ಬೆಂಚು ಒತ್ತಿ ಇಡಬೇಕಿತ್ತು. ಅಗುಳಿ ಮಾಡಿಸಿ ಸಾರ್, ಮಾಡಿಸಿ ಸಾರ್ ಅಂತ ಪ್ರಿನ್ಸಿಪಾಲರಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಆಯ್ತು ಮೇಡಂ, ಕಮಿಟಿ ಮುಂದೆ ಇಡೋಣ ಅನ್ನೋರು ಅವರು. ನಾನು ಆ ಕಾಲೇಜು ಬಿಡೋವರೆಗೂ ಅದು ಕಮಿಟಿ ಮುಂದೇನೇ ಇತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಎಮರ್ಜೆನ್ಸಿ ಮುಗಿದು ಜನ ಮತ್ತೆ ಸ್ವಲ್ಪ ಜೋರಾಗಿ ಮಾತಾಡೋಕೆ ಶುರುಮಾಡಿದ್ದ ಕಾಲ. ಕಡೂರಿನಲ್ಲಿ ಕೊಬ್ಬರಿ ಮಂಡಿ ಸಾಹುಕಾರರು ಕೆಲವರು ಸೇರಿ ಕಟ್ಟಿದ ಖಾಸಗಿ ಕಾಲೇಜು ಅದು. ಈಗಿಲ್ಲ, ಮುಚ್ಚಿ ಎಷ್ಟೋ ಕಾಲವಾಯಿತು. ಕಟ್ಟಿದ್ದು ಅಂದರೆ ಕಟ್ಟಡ ಕಟ್ಟಿದ್ದಲ್ಲ. ಹಳೇ ಕೊಬ್ಬರಿ ಗೋದಾಮಿಗೆ ಸುಣ್ಣ ಹೊಡೆಸಿ, ಅಡ್ಡಗೋಡೆ ಎಬ್ಬಿಸಿ, ಮುಂದೆ ಒಂದು ಬೋರ್ಡು ತಗುಲಿಸಿದ್ದು. ಕಾಯಿ ಪೇರಿಸುತ್ತಿದ್ದ ಅಟ್ಟವೇ ಲೈಬ್ರರಿ. ಮಳೆ ಹಿಡಿದ ದಿನ ಯಾವ ಪುಸ್ತಕ ಬಿಚ್ಚಿದರೂ ಕಮಟು ಎಣ್ಣೆಯ ವಾಸನೆ. ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲಿಗೆ ಎರಡೂ ಕಡೆ ಗೋಡೆ, ಹಗಲಲ್ಲೂ ಕತ್ತಲೆ. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೇ ನಿಂತು ಕಾಯಬೇಕಿತ್ತು.

ನಿಯಮಗಳಿಗೇನೂ ಬರವಿರಲಿಲ್ಲ. ಹುಡುಗಿಯರು ತಾವಾಗೇ ಹೋಗಿ ಕ್ಲಾಸಿನಲ್ಲಿ ಕೂರುವ ಹಾಗಿಲ್ಲ. ಲೇಡೀಸ್ ರೂಮಿನ ಬಾಗಿಲಲ್ಲಿ ಕಾಯುತ್ತಿರಬೇಕು, ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ಹೋಗುವಾಗ ಅವರ ಹಿಂದೆ ಸಾಲಾಗಿ ಹೋಗಬೇಕು, ಪಾಠ ಮುಗಿದ ಮೇಲೆ ಅವರ ಹಿಂದೆಯೇ ವಾಪಸ್ಸು ಬರಬೇಕು, ಕೋಳಿಯ ಹಿಂದೆ ಮರಿ ಬಂದ ಹಾಗೆ. ವರಾಂಡದಲ್ಲಿ ನಿಲ್ಲಬಾರದು. ಕ್ಯಾಂಟೀನಿನ ಕಡೆ ತಿರುಗಿಯೂ ನೋಡಬಾರದು. ಅಟ್ಟಕ್ಕೆ ಒಂಟಿಯಾಗಿ ಹತ್ತಬಾರದು. ಒಂದು ಸಲ ಸ್ಟಾಫ್ ಮೀಟಿಂಗಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ, ಗಂಡು ಹುಡುಗರಿಗೆ ಏನು ನಿಯಮ ಸಾರ್ ಅಂತ. ಪ್ರಿನ್ಸಿಪಾಲರು ತುಂಬಾ ಹೊತ್ತು ಯೋಚನೆ ಮಾಡಿ, ಲುಂಗಿ ಉಟ್ಟು ಬರಬಾರದು ಅಂತ ಇದೆಯಲ್ಲ ಮೇಡಂ ಅಂದರು.

ಆ ಹುಡುಗಿ ಬರುತ್ತಿದ್ದದ್ದು ಬುಕ್ಕಾಂಬುಧಿಯಿಂದ. ಬೆಳಿಗ್ಗೆ ಎದ್ದು ಅಜ್ಜಂಪುರಕ್ಕೆ ಬಸ್ಸು, ಬಸ್ಸು ತಪ್ಪಿದರೆ ನಡಿಗೆ. ಅಜ್ಜಂಪುರದಲ್ಲಿ ಪ್ಯಾಸೆಂಜರ್ ರೈಲು ಹಿಡಿದು ಬೀರೂರು ದಾಟಿ ಕಡೂರು. ಸಂಜೆ ಅದೇ ದಾರಿ ತಿರುಗ. ಅವರಪ್ಪ ಅಲ್ಲಿನ ದೊಡ್ಡ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ನೀರು ಅಂತ ತೂಬು ತೆಗೆದು ಬಿಡುವವರು. ಸುಗ್ಗಿಯಲ್ಲಿ ಗದ್ದೆಯವರು ತಮ್ಮ ತಮ್ಮ ಕಣದಲ್ಲಿ ಅಳೆದು ಕೊಡುವ ಧಾನ್ಯವೇ ಅವರ ಸಂಬಳ. ಹೀಗಾಗಿ ಎಲ್ಲರಿಗೂ ಬೇಕಾದವರಾಗಿ, ಯಾರಿಗೂ ಎದುರಾಡದೆ ಬಾಳಿದ ಮನುಷ್ಯ. ಮಗಳನ್ನು ಬಿ.ಎ.ಗೆ ಕಳಿಸುವಾಗ ಒಂದೇ ಒಂದು ಷರತ್ತು ಹಾಕಿದ್ದರಂತೆ: ನಿನ್ನ ಹೆಸರಿಗೆ ಮಾತು ಬಂತೋ, ಅವತ್ತಿಗೆ ಓದು ಬಂದ್. ಅವಳು ಫೈನಲ್ ಇಯರ್‌ವರೆಗೂ ಅದನ್ನು ತಲೆ ಮೇಲೆ ಹೊತ್ತುಕೊಂಡೇ ಬಂದಳು. ಡಿಗ್ರಿ ಆದಮೇಲೆ ಬಿ.ಎಡ್. ಮಾಡಿ ಅಜ್ಜಂಪುರದ ಹೈಸ್ಕೂಲಿನಲ್ಲಿ ಟೀಚರ್ ಆಗಬೇಕು ಅನ್ನೋದು ಅವಳ ಆಸೆ. ಬೇರೆ ಎಲ್ಲೂ ಅಲ್ಲ, ಅದೇ ಸ್ಕೂಲು. ನಗು ಬರುತ್ತಿತ್ತು ನನಗೆ. ನನ್ನ ಕ್ಲಾಸಿನಲ್ಲಿ ಪಾಠವನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ ಅಂದರೂ ತಪ್ಪಿಲ್ಲ.

ದಸರಾ ರಜೆ ಕಳೆದು ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ನಾನು ಲೇಡೀಸ್ ರೂಮಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಅವಳು ಬಾಗಿಲು ತಳ್ಳಿಕೊಂಡು ಬಂದು ಗೋಡೆಗೆ ಒರಗಿ ನಿಂತಳು. ಎಡಗೈ ಮುಂಗೈ ಹತ್ತಿರ ಊದಿ ಜೋತುಬಿದ್ದಿತ್ತು. ಬಳೆ ಚೂರು ಚುಚ್ಚಿ ರಕ್ತ ಸೋರುತ್ತಿತ್ತು, ರವಿಕೆಯ ಹೆಗಲು ಹರಿದಿತ್ತು. ಏನಾಯ್ತೇ ಅಂತ ನಾನು ಎದ್ದರೆ, ಕುಡಿಯೋಕೆ ನೀರು ಕೇಳಿದಳು. ಕುಡಿದು ಆಮೇಲೆ ಒಂದೊಂದೇ ಹೇಳಿದಳು. ಲೈಬ್ರರಿ ಪುಸ್ತಕ ಹಿಂದಕ್ಕೆ ಕೊಡೋಕೆ ಹೋಗಿದ್ದಳು. ಜೊತೆಗೆ ಬರಬೇಕಾಗಿದ್ದ ಹುಡುಗಿ ಅವತ್ತು ರಜ. ಮೆಟ್ಟಿಲ ಮೇಲೆ ಅವಳದೇ ಕ್ಲಾಸಿನವನು ಹಿಂದಿನಿಂದ ಬಂದು ಬಾಯಿ ಮುಚ್ಚಿ ಹಿಡಿದ. ಇವಳು ಅವನ ಕೈ ಕಚ್ಚಿದಳು. ಅವನು ಇವಳ ಕೈ ತಿರುಚಿದ. ಮೂಳೆ ಲಟ್ಟೆಂದ ಸದ್ದು ಕೇಳಿ ಅವನೇ ಹೆದರಿ ಓಡಿಹೋದ.

ಹುಡುಗ ಯಾರೆಂದು ಹೇಳಿದಾಗ ನನಗೆ ನಂಬೋಕೇ ಆಗಲಿಲ್ಲ. ಊರಿನ ಒಳ್ಳೇ ಮನೆತನದವನು, ಎದುರಿಗೆ ಸಿಕ್ಕರೆ ನಮಸ್ಕಾರ ಮೇಡಂ ಅಂತ ಸೈಕಲ್ ಇಳಿದು ನಿಲ್ಲುವವನು. ನಾನು ಇನ್ನೂ ಅದನ್ನೇ ಅರಗಿಸಿಕೊಳ್ಳುತ್ತಿದ್ದಾಗ ಅವಳು, "ಮೇಡಂ, ಪೊಲೀಸ್ ಕಂಪ್ಲೇಂಟ್ ಕೊಡಬೇಕು," ಅಂದಳು. ಅಳಲಿಲ್ಲ, ಗೋಗರೆಯಲಿಲ್ಲ. ಇನ್ನೊಂದು ಪುಸ್ತಕ ಬೇಕು ಅನ್ನುವ ಹಾಗೆ ಕೇಳಿದಳು. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣುಮಗಳೊಬ್ಬಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಕರೆದುಕೊಂಡು ನೆಟ್ಟಗೆ ಪ್ರಿನ್ಸಿಪಾಲರ ರೂಮಿಗೆ ಹೋದೆ. ಅವರು ಕೇಳಿದ ಮೊದಲ ಮಾತು, ಒಬ್ಬಳೇ ಯಾಕೆ ಅಟ್ಟಕ್ಕೆ ಹೋದಳು ಅಂತ. ನಿಯಮ ಇತ್ತಲ್ಲ ಮೇಡಂ ಅಂತ ನನ್ನ ಮುಖ ನೋಡಿದರು, ನಿಯಮವೇ ಕೈ ಮುರಿಸಿಕೊಂಡು ಕೂತಿದೆಯೇನೋ ಅನ್ನುವಷ್ಟು ಸಂಕಟದಿಂದ. ಮೊದಲು ಆಸ್ಪತ್ರೆಗೆ ಕರಕೊಂಡು ಹೋಗ್ತೀನಿ ಅಂದೆ. ಬೇಡಿ ಬೇಡಿ, ಸರ್ಕಾರಿ ಡಾಕ್ಟರು ಇಂಥದ್ದು ನೋಡಿದರೆ ಸ್ಟೇಷನ್ನಿಗೆ ಬರೆದು ಕಳಿಸಲೇಬೇಕು, ಮೂಳೆ ಕಟ್ಟುವ ಸಾಬರ ಹತ್ತಿರ ಹೋಗಿ, ಅಷ್ಟರಲ್ಲಿ ನಾನು ಅಧ್ಯಕ್ಷರಿಗೆ ಹೇಳಿ ಕಳಿಸ್ತೀನಿ ಅಂದರು. ಪೊಲೀಸ್ ಸ್ಟೇಷನ್ ಅಲ್ಲೇ ಕೂಗಳತೆಯಲ್ಲಿತ್ತು. ಹುಡುಗಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ವಾದ ಮಾಡುತ್ತಾ ನಿಲ್ಲುವ ಹೊತ್ತಲ್ಲ ಅದು.

ಮೂಳೆ ಕಟ್ಟುವ ಸಾಬರು ವಯಸ್ಸಾದವರು, ಅವರ ಮನೆಯ ಜಗಲಿಯೇ ದವಾಖಾನೆ. ಒಳಗಿನ ಹೆಂಗಸರಿಗೆ ಅವರ ಮನೆಮಾತಿನಲ್ಲಿ ಕೂಗಿ ಬಿಸಿನೀರು ತರಿಸಿ, ಕೈ ಎಳೆದು ಕೂರಿಸಿ, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಅವಳು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಹೇಗಾಯ್ತಮ್ಮ ಅಂತ ಅವರು ಕೇಳಿದರು, ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ನಾನು ಕೊಡಲು ಹೋದ ದುಡ್ಡನ್ನು ಅವರು ಮುಟ್ಟಲಿಲ್ಲ. ಎಡಗೈ ಆಗಿದ್ದು ಪುಣ್ಯ ಅಂತ ಆಮೇಲೆ ಎಲ್ಲರೂ ಅಂದರು. ಪ್ರಿನ್ಸಿಪಾಲರು ಅಂದರು, ಅಟೆಂಡರ್ ಅಂದ, ನನ್ನ ಮನೆಯವರೂ ಅಂದರು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಕಮಿಟಿಯ ಅಧ್ಯಕ್ಷರನ್ನು ಕೆಟ್ಟವರು ಅಂದುಬಿಟ್ಟರೆ ಈ ಕಥೆ ಹೇಳೋದು ಸುಲಭ. ಆದರೆ ಅವರು ಕೆಟ್ಟವರಲ್ಲ ಕಣ್ರೀ. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮಠದ ಹುಡುಗರಿಗೆ ಊಟಕ್ಕೆ ಅಂತ ತೋಟದ ಕಾಯಿ ಕಳಿಸಿ, ಕಾಲೇಜಿಗೆ ಅಂತ ತಮ್ಮ ಗೋದಾಮನ್ನೇ ಬಿಟ್ಟುಕೊಟ್ಟ ಮನುಷ್ಯ. ವಿಷಯ ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಪೊಲೀಸರಿಗೆ ಕೊಟ್ಟರೆ ಕೋರ್ಟು ಅಂತ ಈ ಮಗು ಚಿಕ್ಕಮಗಳೂರಿಗೆ ಅಲೆಯಬೇಕು, ಕಟಕಟೆಯಲ್ಲಿ ನಿಲ್ಲಿಸಿ ಬಾಯಿಗೆ ಬಂದದ್ದು ಕೇಳ್ತಾರೆ, ಅವರಪ್ಪ ಓದು ಬಿಡಿಸ್ತಾನೆ, ಆಮೇಲೆ ಯಾವ ಊರಿನವರೂ ಹೆಣ್ಣುಮಕ್ಕಳನ್ನು ನಮ್ಮ ಕಾಲೇಜಿಗೆ ಕಳಿಸಲ್ಲ ಅಂತ ನನಗೆ ಬಿಡಿಸಿ ಹೇಳಿದರು. ಒಂದೂ ಸುಳ್ಳಲ್ಲ. ಅದೇ ನೋಡಿ ತೊಂದರೆ. ಹುಡುಗಿ ಕಂಪ್ಲೇಂಟ್ ಕೇಳ್ತಿದಾಳೆ ಸಾರ್ ಅಂತ ನಾನು ಮತ್ತೆ ಮತ್ತೆ ಹೇಳಿದೆ. ಅವಳು ಇನ್ನೂ ಕೂಸು ಮೇಡಂ, ಅವಳ ಓದು ನಿಲ್ಲದ ಹಾಗೆ ನಾವು ದಾರಿ ಮಾಡೋಣ ಅಂದರು.

ದಾರಿ ಅಂದರೆ ರಾಜಿ. ಅಧ್ಯಕ್ಷರ ಮಂಡಿಯ ಮುಂದಿನ ಜಗಲಿಯಲ್ಲಿ ಜಮಖಾನ ಹಾಸಿ ಹಿರಿಯರು ಕೂತರು. ಬುಕ್ಕಾಂಬುಧಿಯಿಂದ ಅವರಪ್ಪನನ್ನು ಕರೆಸಿದ್ದರು; ಜಮಖಾನದ ಅಂಚಿಗೂ ಬರದೆ ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಹುಡುಗನನ್ನು ನಿಲ್ಲಿಸಿ ಚೆನ್ನಾಗಿ ಉಗಿದರು. ಅವನ ತಂದೆಯೇ ಕಪಾಳಕ್ಕೆ ಹೊಡೆದರು. ತಪ್ಪಾಯ್ತು ಅಂತ ಅವನು ಅತ್ತ, ನಿಜವಾಗಿಯೇ ಅತ್ತ. ಆಮೇಲೆ ಅವನ ತಾಯಿ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ರವಿಕೆ ಕಣ, ಎಲೆ ಅಡಿಕೆ ಮೊರದಲ್ಲಿ ತಂದರು. ಹುಡುಗಿಯ ಮಡಿಲು ತುಂಬಿ ಮನೆಮಗಳನ್ನಾಗಿ ಮಾಡಿಕೊಳ್ಳೋದು, ಹುಡುಗ ಅವಳಿಗೆ ಅಣ್ಣನಾಗೋದು, ಒಡಹುಟ್ಟಿದವಳ ಮೇಲೆ ಮತ್ತೆ ಯಾರು ಕೈ ಮಾಡ್ತಾರೆ ಅನ್ನೋದು ಹಿರಿಯರ ತೀರ್ಮಾನ. ಮಡಿಲು ಹಿಡಿಯೋಕೆ ಎರಡು ಕೈ ಬೇಕು. ಅವಳ ಒಂದು ಕೈ ದಬ್ಬೆಯಲ್ಲಿತ್ತು. ಸೆರಗಿನ ಆ ಕಡೆ ತುದಿಯನ್ನು ಆ ತಾಯಿಯೇ ಹಿಡಿದು, ತಾವೇ ಅಕ್ಕಿ ಸುರಿದು, ಅರಿಶಿನ ಕುಂಕುಮ ಹಚ್ಚಿದರು. ಮನೆಮಗಳು ಅಂದರು, ಮನೆಯೊಳಗೆ ಮಾತ್ರ ಕರೆಯಲಿಲ್ಲ. ನೀರುಗಂಟಿಯ ಕುಲದವರು ಆ ಮನೆಯ ಹೊಸಿಲು ದಾಟುವ ಪದ್ಧತಿ ಇರಲಿಲ್ಲ. ಮಗಳಾದದ್ದೂ ತಂಗಿಯಾದದ್ದೂ ಎಲ್ಲ ಮಂಡಿಯ ಜಗಲಿಯ ಮೇಲೆಯೇ ಮುಗಿಯಿತು.

ಅಲ್ಲಿಗೆ ನಿಂತಿದ್ದರೆ ಬೇರೆ ಮಾತು. ಹುಡುಗಿಯ ಅಪ್ಪ ಕೈಮುಗಿದು, ಬುದ್ಧಿ, ರೈಲ್ವೆ ಸ್ಟೇಷನ್ ದಾರಿ ನೆನೆಸ್ಕೊಂಡ್ರೆ ಹೆದರಿಕೆ ಆಯ್ತದೆ, ಇನ್ನು ಹೆಂಗೆ ಕಳಿಸ್ಲಿ ಅಂದರು. ಅಧ್ಯಕ್ಷರು ಒಂದು ಗಳಿಗೆಯೂ ತಡಮಾಡಲಿಲ್ಲ. "ಅಣ್ಣ ಇದಾನಲ್ಲಪ್ಪ. ಕಾಲೇಜು ಬಿಟ್ಟ ಮೇಲೆ ರೈಲು ಹತ್ತಿಸಿ ಬರೋದು ಇನ್ಮೇಲೆ ಅವನ ಜವಾಬ್ದಾರಿ," ಅಂದುಬಿಟ್ಟರು. ಸುತ್ತ ಕೂತವರೆಲ್ಲ ತಲೆದೂಗಿದರು.

ಅದು ಮಂಡಿಯ ಬುದ್ಧಿ. ಗೋದಾಮಿನಲ್ಲಿ ಕಾಯಿ ಕದ್ದು ಸಿಕ್ಕಿಬಿದ್ದವನನ್ನು ಅವರು ಯಾವತ್ತೂ ಪೊಲೀಸರಿಗೆ ಕೊಟ್ಟವರಲ್ಲ. ದೇವರ ಮುಂದೆ ಆಣೆ ಮಾಡಿಸಿ, ಅದೇ ಗೋದಾಮಿಗೆ ಕಾವಲು ಹಾಕುತ್ತಿದ್ದರು. ಹಾಗೆ ಹಾಕಿದವನು ಮತ್ತೆ ಕದಿಯುತ್ತಿರಲಿಲ್ಲ, ಬೇರೆಯವರನ್ನು ಕದಿಯೋಕೂ ಬಿಡುತ್ತಿರಲಿಲ್ಲ. ಇದು ನಾನೇ ಕಂಡ ಮಾತು, ಅವರ ಮಂಡಿಯ ಹಳೇ ಕಾವಲುಗಾರನೇ ಅಂಥವನು. ಹುಡುಗಿಯ ವಿಷಯದಲ್ಲೂ ಅದೇ ನಡೆಯುತ್ತೆ ಅಂತ ಅಷ್ಟೂ ಜನ ಹಿರಿಯರು ಮನಸಾರೆ ನಂಬಿದರು. ಕಾಯಿಗೆ ಕಾವಲುಗಾರನ ಹೆಜ್ಜೆ ಸದ್ದು ಕೇಳಿಸಲ್ಲ ಅನ್ನೋದು ಒಬ್ಬರಿಗೂ ಹೊಳೆಯಲಿಲ್ಲ. ಸಾರ್, ಇದು ಸರಿ ಅಲ್ಲ, ನಾನೇ ಬಿಟ್ಟು ಬರ್ತೀನಿ ಅಂತ ಎದ್ದು ನಿಂತು ಹೇಳಿದೆ. ನಿಮಗೆ ಮನೆ ಮಕ್ಕಳು ಇಲ್ಲವೇ ತಾಯಿ, ನಿಮಗ್ಯಾಕೆ ಆ ತೊಂದರೆ ಅಂದರು ಅಧ್ಯಕ್ಷರು. ಅವರಪ್ಪ ನನ್ನ ಕಡೆ ತಿರುಗಿ, ಈಗ ನಂಗೆ ಧೈರ್ಯ ಬಂತು ಮೇಡಮ್ಮ ಅಂತ ಕಣ್ಣೊರೆಸಿಕೊಂಡರು. ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ.

ಮಾರನೇ ದಿನದಿಂದ ಶುರುವಾಯಿತು. ಸಂಜೆ ಅವಳು ಕಾಲೇಜಿನಿಂದ ಹೊರಟರೆ ಹಿಂದೆ ಸ್ವಲ್ಪ ದೂರದಲ್ಲಿ ಅವನು, ಸೈಕಲ್ ತಳ್ಳಿಕೊಂಡು. ಅವನೂ ತಲೆ ಎತ್ತುತ್ತಿರಲಿಲ್ಲ, ಪಾಪ ಅನ್ನಬೇಕೋ ಬೇಡವೋ ನನಗೆ ತಿಳಿಯದು. ಬಜಾರಿನ ಜನ ನೋಡಿ, ಎಷ್ಟು ಚೆನ್ನಾಗಿ ಬಗೆಹರಿಯಿತು ನೋಡಿ ಅನ್ನೋರು. ಬೇರೆ ಹುಡುಗರು ಅವಳ ತಂಟೆಗೆ ಬರಲಿಲ್ಲ. ಅದೂ ನಿಜ. ನನಗೆ ಆದ ದಿನ ನಾನೂ ಅವಳ ಜೊತೆ ಸ್ಟೇಷನ್‌ವರೆಗೆ ನಡೆಯುತ್ತಿದ್ದೆ. ಸೈಕಲ್ಲಿನ ಚೈನು ಟಿಕ್ ಟಿಕ್ ಅನ್ನುವುದು ನಿಂತರೆ ಇವಳ ಕಾಲೂ ನಿಲ್ಲುತ್ತಿತ್ತು, ಶುರುವಾದರೆ ಮತ್ತೆ ನಡೆಯುತ್ತಿದ್ದಳು. ರೈಲು ಬಂದರೂ ಸುಮ್ಮನೆ ಹತ್ತುವ ಹಾಗಿಲ್ಲ, ಅವನು ಬಂದು ಬಾಗಿಲ ಹತ್ತಿರ ನಿಂತು ಹತ್ತಿಸಬೇಕು, ಹಾಗಂತ ಹಿರಿಯರ ಅಪ್ಪಣೆ. ಓದುವ ಹುಡುಗಿ ನನ್ನ ಕ್ಲಾಸಿನಲ್ಲಿ ಕಿಟಕಿ ನೋಡುತ್ತಾ ಕೂರುವುದು ಶುರುವಾಯಿತು. ಊಟದ ಡಬ್ಬಿ ತೆರೆಯದೆ ವಾಪಸ್ಸು ಒಯ್ಯುತ್ತಿದ್ದಳು.

ಕೈಯ ದಬ್ಬೆ ಬಿಚ್ಚಿದ ದಿನ ಅವಳು ಮತ್ತೆ ನನ್ನ ಹತ್ತಿರ ಬಂದಳು. ನನಗೆ ಅಣ್ಣ ಬೇಡ ಮೇಡಂ, ನಾನು ಕೇಳಿದ್ದು ಕಂಪ್ಲೇಂಟು ಅಂದಳು. ಸರಿ ನಡಿ ಅಂದೆ. ಯಾರನ್ನೂ ಕೇಳಲಿಲ್ಲ, ಕ್ಲಾಸು ಬಿಟ್ಟು ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಲ್ಲಿದ್ದ ದಫೇದಾರರು ಕುರ್ಚಿ ಹಾಕಿಸಿ ಕೂರಿಸಿ, ಎಲ್ಲ ಕೇಳಿದರು. ಅವರಿಗೆ ಆಗಲೇ ಎಲ್ಲ ಗೊತ್ತಿತ್ತು. ಮೊದಲು, ಕಾಲೇಜಿನ ಒಳಗಿನ ವಿಷಯ, ಪ್ರಿನ್ಸಿಪಾಲರು ಬರೆದುಕೊಟ್ಟರೆ ಸರಿಹೋಗುತ್ತೆ ಅಂದರು. ಅವರು ಕೊಡಲ್ಲ, ಕೈ ಮುರಿದಿದ್ದು ಇವಳದು, ಇವಳೇ ಕೊಡ್ತಾಳೆ ಅಂತ ನಾನು ದನಿ ಏರಿಸಿದೆ. ಅವರು ನನ್ನ ಬಿಟ್ಟು ಅವಳ ಕಡೆ ತಿರುಗಿದರು, ತಂದೆಯ ಹಾಗೆ ಮೆತ್ತಗೆ ಕೇಳಿದರು.

"ನಾಲ್ಕು ಜನ ಹಿರೀಕರ ಮುಂದೆ ಮಡಿಲು ತುಂಬಿಸ್ಕೊಂಡಿದೀಯ. ಅಣ್ಣನ ಮೇಲೆ ಕಂಪ್ಲೇಂಟ್ ಕೊಡ್ತೀಯೇನಮ್ಮ?"

ಅವಳು ಕುರ್ಚಿಯಿಂದ ಎದ್ದಳು. ನಾನು ಇನ್ನೂ ಅವರ ಹತ್ತಿರ ಹಲ್ಲು ಕಚ್ಚಿಕೊಂಡು ವಾದ ಮಾಡುತ್ತಿದ್ದಾಗಲೇ ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತಿದ್ದಳು. ವಿಷಯ ನಮಗಿಂತ ಮುಂಚೆ ಕಾಲೇಜು ತಲುಪಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಕೆಲಸ ಖಾಯಂ ಆಗದವರು ಸ್ವಲ್ಪ ನೋಡಿಕೊಂಡು ನಡೆಯಬೇಕು ಮೇಡಂ ಅಂತ ಬುದ್ಧಿ ಹೇಳಿದರು. ನನಗೆ ಸಿಟ್ಟು ಬರುವುದಕ್ಕಿಂತ ಸುಸ್ತಾಯಿತು. ಮನೆಗೆ ಹೋಗಿ ಅನ್ನಕ್ಕೆ ಇಡದೆ ಮಲಗಿಬಿಟ್ಟೆ.

ಸಂಕ್ರಾಂತಿ ಆದಮೇಲೆ ವಿಶ್ವವಿದ್ಯಾಲಯದಿಂದ ಇನ್ಸ್‌ಪೆಕ್ಷನ್‌ನವರು ಬಂದರು. ಇವರು ಒಪ್ಪಿ ಬರೆದರೆ ಕಾಲೇಜು ಮುಂದುವರೆಯುತ್ತೆ, ಇಲ್ಲದಿದ್ದರೆ ಇಲ್ಲ. ಗೋಡೆಗೆ ಮತ್ತೆ ಸುಣ್ಣ, ಬಾಗಿಲಿಗೆ ತೋರಣ, ಅಟ್ಟದ ಮೆಟ್ಟಿಲಿಗೆ ಅವತ್ತಿನ ಮಟ್ಟಿಗೆ ಒಂದು ಬಲ್ಬು. ಬಂದವರಲ್ಲಿ ಒಬ್ಬರು ಹೆಂಗಸು, ವಯಸ್ಸಾದ ಪ್ರೊಫೆಸರು, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಬಗ್ಗಿ ನೋಡುವವರು. ಹುಡುಗಿಯರನ್ನು ಮಾತಾಡಿಸಬೇಕು ಅಂದರು. ಅಧ್ಯಕ್ಷರಿಗೆ ಖುಷಿಯೋ ಖುಷಿ. ಅಜ್ಜಂಪುರದ ಆಚೆಯಿಂದ ಬರುವ ನೀರುಗಂಟಿಯ ಮಗಳೂ ನಮ್ಮಲ್ಲಿ ಓದುತ್ತಾಳೆ ಅಂತ ತೋರಿಸಲು ಅವಳನ್ನೇ ಮುಂದೆ ನಿಲ್ಲಿಸಿದರು. ಅವರಿಗೆ ನಿಜವಾಗಲೂ ಹೆಮ್ಮೆ ಇತ್ತು.

ಪ್ರೊಫೆಸರು ಓದಿನ ವಿಷಯ ಕೇಳಿದರು, ಅವಳು ಹೇಳಿದಳು. ಅಷ್ಟು ದೂರದಿಂದ ಬರ್ತೀಯಲ್ಲಮ್ಮ, ಹೆದರಿಕೆ ಆಗಲ್ವಾ, ಕಾಲೇಜಿನವರು ಏನು ವ್ಯವಸ್ಥೆ ಮಾಡಿದಾರೆ ಅಂದರು.

"ಸ್ಟೇಷನ್‌ವರೆಗೆ ಒಬ್ಬರನ್ನ ಜೊತೆಗೆ ಕಳಿಸ್ತಾರೆ ಮೇಡಂ," ಅಂದಳು.

ಯಾರನ್ನ ಕಳಿಸ್ತಾರೆ ಅಂತ ಅವರು ನಗುತ್ತಲೇ ಕೇಳಿದರು.

"ನನ್ನ ಕೈ ಮುರಿದೋನನ್ನ."

ಎಲ್ಲರಿಗೂ ಕೇಳಿಸಿತು. ಹೇಳು ಕಣೇ, ಇನ್ನೊಂದು ಮಾತು ಹೇಳು, ಮಿಕ್ಕಿದ್ದು ನಾನು ಹೇಳ್ತೀನಿ ಅಂತ ಅವಳ ಮುಖವನ್ನೇ ನೋಡಿದೆ. ಅಷ್ಟರಲ್ಲಿ ಅಧ್ಯಕ್ಷರು ಮೆಲ್ಲಗೆ ನಕ್ಕು, ಅವಳ ತಲೆ ಸವರಿ, ಅಣ್ಣ ತಂಗಿ ಜಗಳ ಮೇಡಂ, ಮಕ್ಕಳು ನೋಡಿ, ಇನ್ನೂ ಸಿಟ್ಟು ಇಳಿದಿಲ್ಲ ಅಂದರು. ಮಿಕ್ಕವರೂ ನಕ್ಕರು. ಉಸಿರು ಬಂದ ಹಾಗೆ ನಕ್ಕರು. ನಾನು ಬಾಯಿ ತೆಗೆದು, ಮೇಡಂ ಅದು ಜಗಳ ಅಲ್ಲ ಅಂದೆ. ಪ್ರೊಫೆಸರು ನನ್ನನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಗಡಿಯಾರವನ್ನೂ ನೋಡಿಕೊಂಡರು. ತರೀಕೆರೆಯ ಕಾಲೇಜಿಗೂ ಅವರು ಅವತ್ತೇ ಹೋಗಬೇಕಿತ್ತು, ಜೀಪು ಕಾಯುತ್ತಿತ್ತು. ಆಮೇಲೆ ಬಂದ ವರದಿಯಲ್ಲಿ ನಮ್ಮ ಕಾಲೇಜಿನ ಶಿಸ್ತನ್ನೂ, ದೂರದ ಹುಡುಗಿಯರನ್ನು ಜೊತೆಗೊಟ್ಟು ಕಳಿಸುವ ವ್ಯವಸ್ಥೆಯನ್ನೂ ಮೆಚ್ಚಿದ್ದರಂತೆ. ಥೂ.

ಅಧ್ಯಕ್ಷರು ಅವಳನ್ನು ಬೈಯಲಿಲ್ಲ. ನೊಂದುಕೊಂಡರು. ಅಷ್ಟೆಲ್ಲ ಮಾಡಿದ್ವಲ್ಲ ಮೇಡಂ, ಅಂತ ನನ್ನ ಹತ್ತಿರ ಹೇಳಿಕೊಂಡರು. ಹುಡುಗನ ತಾಯಿಗೆ ಅವಮಾನವಾಯಿತು, ಮಡಿಲಿಗೆ ಹಾಕಿದ ಅಕ್ಕಿಗೂ ಬೆಲೆ ಇಲ್ಲವೇ ಅಂದರಂತೆ. ಬೇಡ ಅಂದವಳ ಹಿಂದೆ ಯಾಕೆ ಹೋಗೋದು ಅಂತ ಅವನನ್ನು ಆ ಕಾವಲಿನಿಂದ ಬಿಡಿಸಿದರು. ಆ ವಾರ ಅವಳು ಕಾಲೇಜಿನಿಂದ ಸ್ಟೇಷನ್ನಿಗೆ ಹಿಂದೆ ಸೈಕಲ್ ಇಲ್ಲದೆ ನಡೆದಳು, ಜೊತೆಗೆ ನಾನು. ದಾರಿಯಲ್ಲಿ ಕಡಲೆಕಾಯಿ ಕೊಂಡು ಬಿಡಿಸಿ ತಿಂದೆವು. ಬಹಳ ದಿನದ ಮೇಲೆ ನನ್ನ ಮುಂದೆ ಏನಾದರೂ ತಿಂದಳು. ಪರೀಕ್ಷೆಗೆ ಯಾವ ಪಾಠ ಬರಬಹುದು ಅಂತ ಕೇಳಿದಳು. ಅದರ ಮುಂದಿನ ವಾರದಿಂದ ಬರಲಿಲ್ಲ.

ಒಂದಷ್ಟು ದಿನ ಕಾದೆ. ಪರೀಕ್ಷೆ ಹತ್ತಿರ ಬಂತು. ನಮ್ಮಲ್ಲಿ ಕೇಂದ್ರವಿರಲಿಲ್ಲ, ತರೀಕೆರೆಗೆ ಹೋಗಿ ಬರೆಯಬೇಕು. ಒಂದು ಭಾನುವಾರ ಅಜ್ಜಂಪುರಕ್ಕೆ ಹೋಗಿ ಬುಕ್ಕಾಂಬುಧಿ ಬಸ್ಸು ಹಿಡಿದೆ. ಅವರಪ್ಪ ಕೆರೆಯ ಏರಿ ಮೇಲೆ ಇದ್ದರು. ನನ್ನನ್ನು ಕಂಡು ಓಡಿ ಬಂದು, ಹೆಗಲ ಮೇಲಿನ ಟವೆಲ್ಲನ್ನೇ ಕಲ್ಲಿನ ಮೇಲೆ ಹಾಸಿ ಕೂರಿಸಿದರು. ಪರೀಕ್ಷೆ ಮುಗಿಯೋವರೆಗೂ ನನ್ನ ಮನೆಯಲ್ಲಿ ಇಟ್ಟುಕೊಳ್ತೀನಿ, ತರೀಕೆರೆಗೆ ನಾನೇ ಕರಕೊಂಡು ಹೋಗಿ ಕರಕೊಂಡು ಬರ್ತೀನಿ, ಮೂರು ವರ್ಷ ಓದಿದ್ದು ನೀರಿಗೆ ಹಾಕಬೇಡಿ ಅಂತ ಕೇಳಿದೆ. ಬೇಡಿದೆ ಅಂದರೂ ಸರಿಯೇ.

ಅವರು ನೆಲ ನೋಡುತ್ತಾ ಹೇಳಿದರು. ಕಡೂರಿನ ಆ ಅಧ್ಯಕ್ಷ ಸಾಹುಕಾರರ ನೆಂಟರದ್ದು ಇಲ್ಲಿ ತೂಬಿನ ಬಾಯಲ್ಲೇ ಗದ್ದೆ ಇತ್ತಂತೆ. ದೊಡ್ಡೋರು ಮಾಡಿಕೊಟ್ಟ ಅಣ್ಣನನ್ನ ಊರ ಮುಂದೆ ಬೇಡ ಅಂದೋಳು ಅಂತ ಸುದ್ದಿಯಾಗಿ, ಈ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಬ್ಬರೂ ಬಾ ಅನ್ನಲಿಲ್ಲವಂತೆ. "ನೀರು ಬಿಡೋನು ನಾನು ಮೇಡಮ್ಮ. ನಾಕ್ ಜನ ಮಾತ್ ಬಿಟ್ರೆ ನನ್ ಕೈಯಾಗೆ ತೂಬು ಉಳಿಯಾಕಿಲ್ಲ," ಅಂದರು. ಹುಡುಗಿಯನ್ನು ಶಿವನಿ ಕಡೆಗೆ ಕೊಡುವ ಮಾತಾಗಿದೆ, ಬೀಗರಿಗೆ ಪರೀಕ್ಷೆ ಬೇಡವಂತೆ ಅಂತಲೂ ಹೇಳಿದರು. ನೀವೆಲ್ಲ ಒಳ್ಳೇದೇ ಮಾಡಿದ್ರಿ, ಇವಳ ಹಣೇಲಿ ಬರ್ದಿಲ್ಲ ಅಂತ ಟವೆಲ್ಲಿನ ಒಂದು ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಅದರ ಮೇಲೇ ಕೂತಿದ್ದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಆಗಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ. ಹೋದ ಕಡೆಯೆಲ್ಲ ಒಳ್ಳೆಯವರೇ ಎದುರಾದರು.

ಮನೆಗೆ ಹೋದಾಗ ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, ಮಜ್ಜಿಗೆ ಕೊಟ್ಟಳು. ನಾನು ಹೇಳೋಕೆ ಬಂದದ್ದೂ ಅಪ್ಪ ಏನಂದಿರುತ್ತಾರೆ ಅನ್ನೋದೂ ಅವಳಿಗೆ ಗೊತ್ತಿತ್ತು, ಆ ಮಾತೇ ತೆಗೆಯಲಿಲ್ಲ. ಕೈ ನೋವು ಹೋಯ್ತಾ ಅಂದರೆ, ಮೊರ ಹಿಡಿದರೆ ಸ್ವಲ್ಪ ಇದೆ ಅಂದಳು. ಹೊರಟಾಗ, ಬಸ್ಸಿನವರೆಗೆ ಬರ್ತೀನಿ, ಒಬ್ಬರೇ ಹೋಗಬೇಡಿ ಅಂತ ಚಪ್ಪಲಿ ಮೆಟ್ಟಿಕೊಂಡಳು. ಬಿಸಿಲಲ್ಲಿ ಇಬ್ಬರೂ ರಸ್ತೆ ಪಕ್ಕ ನಿಂತೆವು. ದೂರದಲ್ಲಿ ಬಸ್ಸಿನ ಧೂಳು ಕಂಡಿತು.

ಅವನು ಪರೀಕ್ಷೆಗೆ ಕೂತ್ಕೋತಾನಾ ಮೇಡಂ ಅಂತ ಕೇಳಿದಳು. ಕೂತ್ಕೋತಾನೆ ಕಣೇ, ಹಾಲ್ ಟಿಕೆಟ್ ಬಂದಿದೆ ಅಂದೆ.

"ತರೀಕೆರೆಗೂ ಹುಡುಗಿಯರು ಬರ್ತಾರಲ್ಲ ಮೇಡಂ. ಅವನ ಹಿಂದೆ ಯಾರನ್ನ ಕಳಿಸ್ತಾರೆ?"

ಯಾರನ್ನೂ ಇಲ್ಲ ಅಂದೆ. ಬಸ್ಸು ಬಂದು ನಿಂತಿತು. ಅವಳು ನನ್ನ ಚೀಲ ಎತ್ತಿ ಕೊಟ್ಟು, ಕಂಡಕ್ಟರಿಗೆ, ನಮ್ಮ ಮೇಡಂನ ಅಜ್ಜಂಪುರದಲ್ಲಿ ಜೋಪಾನವಾಗಿ ಇಳಿಸಿ ಅಂತ ಹೇಳಿದಳು.